ಸಾವಿನ ಮನೆಯಲ್ಲಿ ಯೋಬನ ಗ್ರಂಥ

ಯೋಬನ ಗ್ರಂಥ ಹಳೆಯ ಒಡಂಬಡಿಕೆಯ 42 ಅಧ್ಯಾಯಗಳ ಒಂದು ಪುಸ್ತಕ. ಅದರ ಮೊದಲ ಎರಡು ಅಧ್ಯಾಯಗಳು ಮತ್ತು ಕೊನೆಯ ಅಧ್ಯಾಯದ ಹೆಚ್ಚಿನ ಭಾಗ ಗದ್ಯದಲ್ಲಿವೆ. ನಡುವೆ ಇರುವುದು ಹೆಚ್ಚುಕಡಿಮೆ ಪೂರ್ತಿ ಪದ್ಯ. ಗದ್ಯ ಕಥೆ ಹೇಳುತ್ತದೆ, ಪದ್ಯ ವಾದಕ್ಕಿಳಿಯುತ್ತದೆ. ಊಚ್ ದೇಶದ ಯೋಬ ನಿರ್ದೋಷಿ. ಏಳು ಗಂಡು, ಮೂರು ಹೆಣ್ಣುಮಕ್ಕಳ ತಂದೆ. 7,000 ಕುರಿ, 3,000 ಒಂಟೆ, 500 ಜೋಡಿ ಎತ್ತು, 500 ಕತ್ತೆಗಳ ಒಡೆಯ. ಪರಲೋಕದ ಸಭೆಯಲ್ಲಿ ಸೈತಾನ ಅವನ ಭಕ್ತಿಯನ್ನು ಪ್ರಶ್ನಿಸುತ್ತಾನೆ, ಪರೀಕ್ಷೆಗೆ ಅಪ್ಪಣೆ ಸಿಗುತ್ತದೆ. ಒಂದೇ ದಿನದಲ್ಲಿ ಆಸ್ತಿಯೂ ಮಕ್ಕಳೂ ಹೋಗುತ್ತಾರೆ. ಆಮೇಲೆ ಅಂಗಾಲಿನಿಂದ ನೆತ್ತಿಯವರೆಗೆ ಹುಣ್ಣು.

ಸಭೆಗಳಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಈ ಗದ್ಯದ ಯೋಬ. ಬೂದಿಯಲ್ಲಿ ಕೂತರೂ ದೇವರನ್ನು ದೂಷಿಸದವನು, ಕೊಟ್ಟವನೇ ತೆಗೆದುಕೊಂಡ ಎಂದು ತಲೆಬಾಗಿದವನು. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ನೆನೆಯುವುದೂ ಅವನ ತಾಳ್ಮೆಯನ್ನೇ. ಆಂಗ್ಲಿಕನ್ ಸಾಮಾನ್ಯ ಪ್ರಾರ್ಥನಾ ಪುಸ್ತಕದ ಶವಸಂಸ್ಕಾರ ಕ್ರಮದಲ್ಲಿ ಅವನ ಆ ಮಾತು ಸೇರಿಕೊಂಡು, ಅಲ್ಲಿಂದ ಅನೇಕ ಸಭೆಗಳ ಸಮಾಧಿಯಂಗಳಕ್ಕೆ ಬಂದಿದೆ. ಆದರೆ ಮೂರನೆಯ ಅಧ್ಯಾಯದಲ್ಲಿ ಅದೇ ಯೋಬ ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ. ಮುಂದೆ ದೇವರನ್ನೇ ನ್ಯಾಯಕ್ಕೆ ಕರೆಯುತ್ತಾನೆ. ಈ ಯೋಬ ಪ್ರಸಂಗಪೀಠ ಹತ್ತುವುದು ಅಪರೂಪ.

ಈ ಲೇಖಕಿ ಹುಬ್ಬಳ್ಳಿ-ಧಾರವಾಡ ಭಾಗದ ಸತ್ಯವೇದ ಅಧ್ಯಯನ ಕೂಟಗಳಲ್ಲಿ, ಸ್ತ್ರೀಯರ ಕೂಟಗಳಲ್ಲಿ, ಸಾವಾದ ಮನೆಗಳ ಪ್ರಾರ್ಥನೆಯಲ್ಲಿ ವರ್ಷಗಟ್ಟಲೆ ಇದ್ದವರು. ಅಲ್ಲಿ ಕಲಿತದ್ದನ್ನು ಗ್ರಂಥದ ಜೊತೆಗಿಟ್ಟು ಇಲ್ಲಿ ಹೇಳಲಾಗಿದೆ. ಸಾವಿನ ಮನೆಯಲ್ಲಿ ವಿಶ್ವಾಸಿಗಳು ಆಡುವ ಎಷ್ಟೋ ಮಾತುಗಳು ಯೋಬನ ಸ್ನೇಹಿತರ ಮಾತುಗಳೇ ಆಗಿವೆ. ಆ ಸ್ನೇಹಿತರ ಮೇಲೆ ದೇವರು ಕೋಪಗೊಂಡನೆಂದು ಗ್ರಂಥ ಸ್ಪಷ್ಟವಾಗಿ ಹೇಳಿದೆ. ಇದು ಸಣ್ಣ ವಿಷಯವಲ್ಲ.

ಮೂವರು ಸ್ನೇಹಿತರೆಂದರೆ ತೇಮಾನ್ಯನಾದ ಎಲೀಫಜ, ಶೂಹ್ಯನಾದ ಬಿಲ್ದದ, ನಾಮಾಥ್ಯನಾದ ಚೋಫರ. ಅವರನ್ನು ಕಪಟಿಗಳೆಂದು ತೋರಿಸುವುದು ಬೋಧಕರಿಗೆ ರೂಢಿಯಾಗಿದೆ. ಗ್ರಂಥ ಹಾಗೆ ತೋರಿಸುವುದಿಲ್ಲ. ಸುದ್ದಿ ಕೇಳಿ ತಮ್ಮ ತಮ್ಮ ಊರು ಬಿಟ್ಟು ಬಂದರು, ಗುರುತೇ ಸಿಗದ ಗೆಳೆಯನನ್ನು ಕಂಡು ಗಟ್ಟಿಯಾಗಿ ಅತ್ತರು, ಬಟ್ಟೆ ಹರಿದುಕೊಂಡರು, ಏಳು ಹಗಲು ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ತುಟಿ ಬಿಚ್ಚದೆ ಕೂತರು. ಅವರು ದಾರಿ ತಪ್ಪಿದ್ದು ಯೋಬ ಬಾಯಿ ತೆರೆದ ಮೇಲೆ. ನೋವು ಅಷ್ಟು ಹಸಿಯಾಗಿ ಹೊರಬಿದ್ದಾಗ ಅವರಿಗೆ ಭಯವಾಯಿತು. ದೇವರ ಮಾನ ಉಳಿಸಬೇಕೆಂದು ವಾದಕ್ಕೆ ನಿಂತರು.

ದೇವರು ನ್ಯಾಯವಂತ, ಪಾಪಕ್ಕೆ ಶಿಕ್ಷೆ ತಪ್ಪದು, ಯೋಬನಿಗೆ ಬಂದದ್ದು ಶಿಕ್ಷೆಯ ಹಾಗಿದೆ, ಆದ್ದರಿಂದ ಯೋಬ ಪಾಪ ಮಾಡಿರಬೇಕು: ಇಷ್ಟೇ ಅವರ ತರ್ಕ. ಇದನ್ನು ಅವರು ಗಾಳಿಯಲ್ಲಿ ಕಟ್ಟಲಿಲ್ಲ. ವಿಧೇಯರಿಗೆ ಆಶೀರ್ವಾದ, ಅವಿಧೇಯರಿಗೆ ಶಾಪ ಎಂದು ಧರ್ಮೋಪದೇಶಕಾಂಡದ 28ನೇ ಅಧ್ಯಾಯ ಉದ್ದಕ್ಕೂ ಸಾರುತ್ತದೆ. ನೀತಿವಂತನ ಮನೆ ನಿಲ್ಲುತ್ತದೆ, ದುಷ್ಟನ ಮನೆ ಬೀಳುತ್ತದೆ ಎಂಬುದು ಜ್ಞಾನೋಕ್ತಿಗಳ ಧಾಟಿ. ಹೀಗಿರುವಾಗ ಸತ್ಯವೇದದ ಒಂದು ಪುಸ್ತಕ ಇನ್ನೊಂದು ಪುಸ್ತಕದೊಡನೆ ವಾದಿಸುತ್ತಿದೆಯೇ ಎಂಬ ಪ್ರಶ್ನೆ ಏಳುತ್ತದೆ. ಅಧ್ಯಯನ ಕೂಟಗಳಲ್ಲಿ ಯುವಜನರು ಇದನ್ನು ಕೇಳಿಯೇ ಕೇಳುತ್ತಾರೆ, ಹಿರಿಯರು ಮುಜುಗರಪಡುತ್ತಾರೆ. ಮುಜುಗರ ಬೇಕಿಲ್ಲ. ಹೌದು, ವಾದಿಸುತ್ತಿದೆ. ನೀತಿಯಿಂದ ನಡೆದರೆ ಬಾಳು ಹಸನಾಗುತ್ತದೆ ಎಂದು ಮಕ್ಕಳಿಗೆ ಕಲಿಸುವುದು ಸರಿ. ಅದೇ ಮಾತನ್ನು ತಿರುವಿ ಹಾಕಿ, ಬಾಳು ಹಾಳಾದವನನ್ನು ಕಂಡು ಇವನು ನೀತಿಗೆಟ್ಟವನು ಎಂದು ತೀರ್ಪು ಕೊಡುವುದು ತಪ್ಪು. ಯೋಬನ ಗ್ರಂಥ ತಡೆಯುವುದು ಈ ತಿರುವುಮುರುವನ್ನು.

ತರ್ಕ ಹೇಗೆ ಕ್ರೂರವಾಗುತ್ತ ಹೋಗುತ್ತದೆ ಎಂಬುದನ್ನು ಗ್ರಂಥ ಮೆಟ್ಟಿಲು ಮೆಟ್ಟಿಲಾಗಿ ತೋರಿಸಿದೆ. ನಾಲ್ಕನೆಯ ಅಧ್ಯಾಯದಲ್ಲಿ ಎಲೀಫಜ ಮೆಲ್ಲಗೆ ಶುರುಮಾಡುತ್ತಾನೆ: ನಿರಪರಾಧಿ ಯಾರಾದರೂ ಹಾಳಾದದ್ದುಂಟೇ, ನೆನಪಿಸಿಕೋ. ಎಂಟನೆಯ ಅಧ್ಯಾಯದಲ್ಲಿ ಬಿಲ್ದದ ಸತ್ತ ಮಕ್ಕಳನ್ನೇ ಎಳೆದು ತರುತ್ತಾನೆ: ಅವರು ಪಾಪ ಮಾಡಿದ್ದರಿಂದ ಅದರ ಫಲ ಉಂಡಿರಬೇಕು. ಹತ್ತು ಮಕ್ಕಳನ್ನು ಮಣ್ಣು ಮಾಡಿದ ತಂದೆಯ ಎದುರು ಆಡಿದ ಮಾತು ಇದು. ಹನ್ನೊಂದರಲ್ಲಿ ಚೋಫರ, ದೇವರು ನಿನ್ನ ಪಾಪಕ್ಕೆ ತಕ್ಕಷ್ಟು ಶಿಕ್ಷಿಸಿಲ್ಲ, ಕಡಿಮೆಯೇ ಮಾಡಿದ್ದಾನೆ ಎನ್ನುತ್ತಾನೆ. ಇಪ್ಪತ್ತೆರಡನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಎಲೀಫಜನ ಮೆಲುದನಿ ಅಡಗಿದೆ. ಬಾಯಾರಿದವನಿಗೆ ನೀರು ಕೊಡಲಿಲ್ಲ, ಹಸಿದವನಿಗೆ ಅನ್ನ ಕೊಡಲಿಲ್ಲ, ವಿಧವೆಯರನ್ನು ಬರಿಗೈಲಿ ಕಳಿಸಿದೆ ಎಂದು ಒಂದರ ಮೇಲೊಂದು ಆರೋಪ. ಸಾಕ್ಷಿ ಒಂದಕ್ಕೂ ಇಲ್ಲ. ಸಿದ್ಧಾಂತ ಉಳಿಯಬೇಕಾದರೆ ಗೆಳೆಯ ಪಾಪಿಯಾಗಲೇಬೇಕು, ಆಗಿರದಿದ್ದರೆ ಮಾಡಬೇಕು. ಮೂರನೆಯ ಸುತ್ತಿನಲ್ಲಿ ಬಿಲ್ದದನ ಮಾತು ಆರೇ ವಚನಗಳಿಗೆ ಮುಗಿಯುತ್ತದೆ, ಚೋಫರ ಮಾತೇ ಆಡುವುದಿಲ್ಲ. ವಾದದ ಸರಕು ತೀರಿದ್ದನ್ನು ಗ್ರಂಥದ ರಚನೆಯೇ ಹೇಳುತ್ತದೆ.

ಈ ತರ್ಕ ಊಚ್ ದೇಶದಲ್ಲಿ ಉಳಿದುಹೋಗಿಲ್ಲ. ಕರ್ನಾಟಕದ ಊರುಕೇರಿಗಳಲ್ಲಿ ಕರ್ಮ, ಹಣೆಬರಹ ಎಂಬ ಮಾತು ಯಾವ ಮತದವರ ನಾಲಗೆಗೂ ಹೊಸದಲ್ಲ. ಕ್ರೈಸ್ತರು ಆ ಮಾತುಗಳನ್ನು ಆಡದಿದ್ದರೂ ಅದೇ ಲೆಕ್ಕವನ್ನು ಬೇರೆ ಮಾತಿನಲ್ಲಿ ಇಟ್ಟುಕೊಂಡಿದ್ದಾರೆ. ಮನೆಯಲ್ಲಿ ಕುಟುಂಬ ಪ್ರಾರ್ಥನೆ ನಿಂತಿತ್ತು, ದಶಮಾಂಶ ಸರಿಯಾಗಿ ಕೊಡುತ್ತಿರಲಿಲ್ಲ, ನಂಬಿಕೆ ಸಾಲಲಿಲ್ಲ, ಎಲ್ಲೋ ಅರಿಕೆ ಮಾಡದ ಪಾಪ ಇರಬೇಕು. ಜ್ವರದಲ್ಲಿ ಮಗುವನ್ನು ಕಳೆದುಕೊಂಡ ಒಬ್ಬ ತಾಯಿಗೆ ಇಂಥ ಮಾತು ಹೇಳಿದವರು ದೂರದವರಲ್ಲ, ಜೊತೆಗೆ ಹಾಡುತ್ತಿದ್ದ ಸಭೆಯವರು. ಆಕೆ ಮುಂದೆ ಬಹುಕಾಲ ಆರಾಧನೆಗೆ ಬರಲಿಲ್ಲ. ದೇವರ ಮೇಲಿನ ಸಿಟ್ಟಿಗಿಂತ ಆ ಮಾತೇ ಬಾಗಿಲಿಗೆ ಅಡ್ಡ ನಿಂತಿತು ಎಂದು ಆಕೆಯೇ ಹೇಳಿದ್ದುಂಟು.

ಸಾಕ್ಷಿ ಹೇಳುವ ಪದ್ಧತಿಯನ್ನೂ ಇಲ್ಲಿ ಎತ್ತಬೇಕು. ಗುಣವಾದವರು ಸಭೆಯ ಮುಂದೆ ನಿಂತು ದೇವರಿಗೆ ಸ್ತೋತ್ರ ಹೇಳುವುದು ಒಳ್ಳೆಯದೇ. ಕೃತಜ್ಞತೆಗೆ ಬಾಯಿ ಬೇಕು. ಆದರೆ 2021ರ ಕೊರೊನಾ ಎರಡನೆಯ ಅಲೆಯ ನಂತರ ಸಭೆಗಳು ಮತ್ತೆ ಸೇರಿದಾಗ ಈ ಪದ್ಧತಿಯ ಇನ್ನೊಂದು ಮುಖ ಕಂಡಿತು. ನಾವು ಪ್ರಾರ್ಥಿಸಿದೆವು, ಕರ್ತನು ನಮ್ಮವರನ್ನು ಉಳಿಸಿದನು ಎಂದು ಒಬ್ಬರು ಹೇಳುವಾಗ, ಎರಡು ಬೆಂಚು ಹಿಂದೆ ಗಂಡನನ್ನು ಕಳೆದುಕೊಂಡವರು ಕೂತಿರುತ್ತಿದ್ದರು. ಅವರೂ ಮೊಣಕಾಲೂರಿ ಪ್ರಾರ್ಥಿಸಿದವರೇ. ಹಾಗಾದರೆ ತಮ್ಮ ಪ್ರಾರ್ಥನೆಯಲ್ಲಿ ಏನು ಕೊರತೆ ಎಂಬ ಪ್ರಶ್ನೆಯನ್ನು ಅವರು ಮನೆಗೆ ಹೊತ್ತುಕೊಂಡು ಹೋದರು. ಉಳಿದವರ ಸ್ತೋತ್ರದ ಜೊತೆಗೆ ಕಳೆದುಕೊಂಡವರ ಹೆಸರು ಹಿಡಿದು ಪ್ರಾರ್ಥಿಸಿದ ಕಡೆ ಆ ಭಾರ ಸ್ವಲ್ಪವಾದರೂ ಇಳಿಯಿತು. ಸಾಕ್ಷಿಗೆ ಸಮಯ ಇಟ್ಟ ಆರಾಧನೆಯಲ್ಲಿ ಪ್ರಲಾಪಕ್ಕೂ ಸಮಯ ಇಡಬೇಕೆಂಬುದು ಈ ಲೇಖಕಿಯ ಖಚಿತ ಅಭಿಪ್ರಾಯ.

ಪ್ರಲಾಪಕ್ಕೆ ಸತ್ಯವೇದದಲ್ಲಿ ಜಾಗ ಕಡಿಮೆಯಿಲ್ಲ. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ದೂರು, ಮೊರೆ, ಅಳಲು. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟ ದುಃಖಕ್ಕಾಗಿ ಐದು ಅಧ್ಯಾಯಗಳ ಒಂದಿಡೀ ಪುಸ್ತಕವೇ ಇದೆ, ಪ್ರಲಾಪಗಳು. ಅಳಲಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ನಂಬಿಕೆಯ ಕಡೆ ಹೊರಳುತ್ತವೆ. 88ನೆಯದು ಹೊರಳುವುದಿಲ್ಲ. ಅದು ಮೊರೆಯಿಡುತ್ತಲೇ ಕತ್ತಲೆಯಲ್ಲಿ ನಿಂತುಬಿಡುತ್ತದೆ. ಮಗನನ್ನು ಕಳೆದುಕೊಂಡ ಒಂದು ಮನೆಯಲ್ಲಿ ಸಮಾಧಾನದ ವಚನಗಳ ಬದಲು ಈ ಕೀರ್ತನೆಯನ್ನು ಪೂರ್ತಿ ಓದಿದಾಗ, ತಿಂಗಳಿನಿಂದ ಯಾರೊಂದಿಗೂ ಮಾತಾಡದಿದ್ದ ತಂದೆ ತಲೆಯೆತ್ತಿ ಕೇಳಿದರು: “ಅಕ್ಕಾರ, ಇದು ಸತ್ಯವೇದದಾಗ ಐತೇನ್ರಿ?” ಇದೆ ಎಂದು ತೋರಿಸಿದ ಮೇಲೆ ಅವರು ಪುಸ್ತಕ ಕೈಗೆ ತೆಗೆದುಕೊಂಡು ತಾವೇ ಮತ್ತೊಮ್ಮೆ ಓದಿದರು. ಅವರ ಮಾತು ಶುರುವಾದದ್ದು ಅಲ್ಲಿಂದ. ದೇವರ ಎದುರು ಹೀಗೆ ಮಾತಾಡಲು ದೇವರ ಪುಸ್ತಕವೇ ಅನುಮತಿ ಕೊಟ್ಟಿದೆ ಎಂಬುದು ಅವರಿಗೆ ಅದುವರೆಗೆ ಯಾರೂ ಹೇಳದ ಸುದ್ದಿಯಾಗಿತ್ತು. ಶಿಲುಬೆಯ ಮೇಲೆ ಯೇಸು ಕೂಗಿದ್ದೂ 22ನೇ ಕೀರ್ತನೆಯ ಮೊದಲ ಪ್ರಶ್ನೆಯನ್ನೇ, ಕೈಬಿಟ್ಟದ್ದೇಕೆ ಎಂಬ ಪ್ರಶ್ನೆಯನ್ನು. ಮತ್ತಾಯನೂ ಮಾರ್ಕನೂ ಅದನ್ನು ದಾಖಲಿಸಿದ್ದಾರೆ. ಅಂಥ ಪ್ರಶ್ನೆಯನ್ನು ಅಪನಂಬಿಕೆ ಎನ್ನುವವರು ಶಿಲುಬೆಯ ಬುಡದಲ್ಲಿ ಏನು ಹೇಳುತ್ತಿದ್ದರು?

ಯೋಬನ ಹೆಂಡತಿಯ ವಿಷಯ ಸ್ತ್ರೀಯರ ಕೂಟಗಳಲ್ಲಿ ತಪ್ಪದೆ ಬರುತ್ತದೆ. ಎರಡನೆಯ ಅಧ್ಯಾಯದಲ್ಲಿ ಆಕೆಗೆ ಸಿಗುವುದು ಒಂದೇ ವಾಕ್ಯ. ದೇವರನ್ನು ದೂಷಿಸಿ ಸಾಯಿ ಎಂದದ್ದಕ್ಕೆ ಮೂರ್ಖಳಂತೆ ಮಾತಾಡುತ್ತೀ ಎಂದು ಗದರಿಸಿಕೊಳ್ಳುತ್ತಾಳೆ. ಪ್ರಸಂಗಗಳಲ್ಲಿ ಆಕೆ ಸೈತಾನನ ಕೈಗೊಂಬೆ. ಆದರೆ ಸತ್ತ ಹತ್ತು ಮಕ್ಕಳು ಆಕೆ ಹೆತ್ತವರಲ್ಲವೇ ಎಂದು ಕೂಟದ ಹೆಂಗಸರು ಕೇಳುತ್ತಾರೆ. ಕ್ರಿಸ್ತಪೂರ್ವ ಕಾಲದಲ್ಲೇ ಆದ ಗ್ರೀಕ್ ಅನುವಾದ, ಸೆಪ್ಟುಅಜಿಂಟ್, ಇಲ್ಲಿ ಆಕೆಗೆ ದೊಡ್ಡ ಮಾತೊಂದನ್ನು ಸೇರಿಸಿದೆ. ವ್ಯರ್ಥವಾಗಿ ಹೋದ ತನ್ನ ಹೆರಿಗೆಯ ನೋವನ್ನು, ಕೂಲಿಗಾಗಿ ಮನೆಯಿಂದ ಮನೆಗೆ ಅಲೆಯುವ ತನ್ನ ಪಾಡನ್ನು ಆಕೆ ಅಲ್ಲಿ ಹೇಳಿಕೊಳ್ಳುತ್ತಾಳೆ. ಅಷ್ಟು ಹಿಂದಿನ ಓದುಗರಿಗೂ ಆ ಒಂದು ವಾಕ್ಯ ಸಾಲದೆನಿಸಿತ್ತು. ನಮ್ಮ ಹೆಂಗಸರ ಪ್ರಶ್ನೆ ಹೊಸದೂ ಅಲ್ಲ, ಉದ್ಧಟತನವೂ ಅಲ್ಲ.

38ನೇ ಅಧ್ಯಾಯದಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ. ಓದುಗ ಕಾದಿದ್ದ ಉತ್ತರ ಅಲ್ಲಿ ಸಿಗುವುದಿಲ್ಲ. ಭೂಮಿಗೆ ಅಸ್ತಿವಾರ ಹಾಕುವಾಗ ನೀನೆಲ್ಲಿದ್ದೆ ಎಂದು ಆರಂಭವಾಗಿ, ಸಮುದ್ರ, ಹಿಮ, ನಕ್ಷತ್ರ, ಬೆಟ್ಟದ ಮೇಕೆಯ ಹೆರಿಗೆ, ಕಾಡುಕತ್ತೆಯ ಸ್ವಾತಂತ್ರ್ಯ, ಬೆಹೇಮೋತ್, ಲಿವ್ಯಾತಾನ್ ಎಂದು ಪ್ರಶ್ನೆಗಳ ಮಳೆ. ಮನುಷ್ಯರೇ ಇಲ್ಲದ ನೆಲದ ಮೇಲೂ ಮಳೆ ಸುರಿಸುವ ದೇವರು ಅಲ್ಲಿದ್ದಾನೆ. ಯೋಬನ ಪಾಪದ ಮಾತು ಒಂದೂ ಇಲ್ಲ. ಸೈತಾನನೊಡನೆ ನಡೆದ ಮಾತುಕತೆಯ ಪ್ರಸ್ತಾಪವೂ ಇಲ್ಲ. ಅದು ಯೋಬನಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಕೆಲವರಿಗೆ ಈ ಭಾಗ ಗದರಿಕೆಯಾಗಿ ಕೇಳುತ್ತದೆ. ನೋವು ಕೋಣೆಯೊಳಗೆ ಕೂಡಿಹಾಕಿದ್ದ ಮನುಷ್ಯನನ್ನು ಹೊರಗೆ ಕರೆದು ಜಗತ್ತು ತೋರಿಸಿದಂತೆ ಇನ್ನು ಕೆಲವರಿಗೆ ಕಾಣುತ್ತದೆ. ಎರಡು ಓದಿಗೂ ಪಠ್ಯದಲ್ಲಿ ಆಧಾರವಿದೆ. ಖಚಿತವಾಗಿರುವುದು ಮುಂದಿನ ತೀರ್ಪು. 42ನೇ ಅಧ್ಯಾಯದ 7ನೇ ವಚನದಲ್ಲಿ ದೇವರು ಎಲೀಫಜನಿಗೆ ಹೇಳುವುದು ಇದು: ನಿನ್ನ ಮೇಲೂ ನಿನ್ನ ಇಬ್ಬರು ಸ್ನೇಹಿತರ ಮೇಲೂ ನನಗೆ ಕೋಪವಿದೆ, ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ. ದೇವರನ್ನು ಸಮರ್ಥಿಸಿದವರು ತಪ್ಪಿತಸ್ಥರು, ದೇವರ ಮೇಲೆ ದೂರು ಹೇಳಿದವನು ಸರಿ. ಅವರು ಏಳು ಹೋರಿ, ಏಳು ಟಗರು ಅರ್ಪಿಸಬೇಕು, ಅವರಿಗಾಗಿ ಪ್ರಾರ್ಥಿಸಬೇಕಾದವನು ಯೋಬ. ಸಭಾ ಹಿರಿಯರ ತರಬೇತಿಯಲ್ಲಿ ಎಲ್ಲಕ್ಕಿಂತ ಮೊದಲು ಓದಿಸಬೇಕಾದ ವಚನವಿದು.

ಕೊನೆಯ ಗದ್ಯ ಅನೇಕ ಪ್ರಾಮಾಣಿಕ ಓದುಗರಿಗೆ ಎಡವುಗಲ್ಲು. ಕುರಿ 14,000, ಒಂಟೆ 6,000 ಆಗುತ್ತವೆ, ಆಸ್ತಿಯೆಲ್ಲ ಎರಡರಷ್ಟು. ಮಕ್ಕಳು ಮತ್ತೆ ಹತ್ತೇ. ಎಲ್ಲವೂ ಹಿಂತಿರುಗಿ ಬಂತು ಎಂದು ಪ್ರಸಂಗ ಮುಗಿಸುವವರಿದ್ದಾರೆ. ಬರಲಿಲ್ಲ. ಸತ್ತ ಹತ್ತು ಮಕ್ಕಳು ಸತ್ತವರೇ. ಕನ್ನಡಿಗರಿಗೆ ಈ ಕಥೆ ಕೇಳುವಾಗ ರಾಘವಾಂಕನ ಹರಿಶ್ಚಂದ್ರ ನೆನಪಾಗುವುದು ಸಹಜ. ಅಲ್ಲಿಯೂ ದೇವಸಭೆಯಲ್ಲಿ ಒಬ್ಬ ಸತ್ಯವಂತನ ಬಗ್ಗೆ ವಾದ ಹುಟ್ಟಿ, ಭೂಮಿಯ ಮೇಲೆ ಅವನ ಸಂಸಾರ ಬೀದಿಗೆ ಬೀಳುತ್ತದೆ. ಆದರೆ ಅಲ್ಲಿ ಹಾವು ಕಚ್ಚಿ ಸತ್ತ ಲೋಹಿತಾಶ್ವ ಎದ್ದು ಬರುತ್ತಾನೆ. ಯೋಬನ ಮನೆಯಲ್ಲಿ ಯಾರೂ ಎದ್ದು ಬರುವುದಿಲ್ಲ. ಇನ್ನೊಂದು ಮಗು ಆಗುತ್ತದೆ ಬಿಡು ಎಂದು ಎಳೆಯ ತಾಯಂದಿರಿಗೆ ಹೇಳುವವರು ಈ ಅಂತ್ಯವನ್ನು ಆಧಾರವಾಗಿ ತೋರಿಸುವುದುಂಟು. ಒಂದು ಮಗುವಿನ ಜಾಗಕ್ಕೆ ಇನ್ನೊಂದು ಮಗು ಬರುವುದಿಲ್ಲ; ಗ್ರಂಥ ಹಾಗೆಂದು ಹೇಳಿಯೂ ಇಲ್ಲ. ಅದು ಹೇಳುವುದು ಬೇರೊಂದು. ಹೊಸದಾಗಿ ಹುಟ್ಟಿದ ಹೆಣ್ಣುಮಕ್ಕಳಿಗೆ ಹೆಸರಿದೆ: ಯೆಮೀಮ, ಕೆಚೀಯ, ಕೆರೆನ್ ಹಪ್ಪೂಕ್. ಗಂಡುಮಕ್ಕಳ ಹೆಸರಿಲ್ಲ. ಅಣ್ಣತಮ್ಮಂದಿರ ಜೊತೆ ಅವರಿಗೂ ತಂದೆ ಆಸ್ತಿಯಲ್ಲಿ ಪಾಲು ಕೊಟ್ಟ. ಆ ಕಾಲದ ಪದ್ಧತಿಗೆ ಇದು ಹೊರತು. ಎಲ್ಲ ಕಳೆದುಕೊಂಡವನು ಮತ್ತೆ ಪ್ರೀತಿಸುವ ಧೈರ್ಯ ಮಾಡಿದ, ಹಿಂದಿಗಿಂತ ಬೇರೆ ರೀತಿಯಲ್ಲಿ ಮಾಡಿದ ಎಂಬಷ್ಟನ್ನು ಇದರಿಂದ ಹೇಳಬಹುದು. ಆ ಮೊದಲ ಹತ್ತು ಮಕ್ಕಳ ಸಾವು ನ್ಯಾಯವೇ ಎಂಬ ಪ್ರಶ್ನೆಗೆ ಗ್ರಂಥದಲ್ಲಿ ಉತ್ತರವಿಲ್ಲ. ಕೂಟದಲ್ಲಿ ಯಾರಾದರೂ ಕೇಳಿದರೆ ಇಲ್ಲವೆಂದೇ ಹೇಳಬೇಕು. ಹೇಳಿದ್ದರಿಂದ ಯಾರ ನಂಬಿಕೆಯೂ ಕುಸಿದದ್ದನ್ನು ಈ ಲೇಖಕಿ ಕಂಡಿಲ್ಲ. ಪೊಳ್ಳು ಉತ್ತರ ಕೇಳಿ ಎದ್ದು ಹೋದವರನ್ನು ಕಂಡಿದ್ದಾರೆ.

ಸುವಾರ್ತೆಗಳಲ್ಲಿ ಯೇಸುವಿನ ಎದುರಿಗೂ ಸ್ನೇಹಿತರ ತರ್ಕ ಬಂದು ನಿಂತಿತು. ಯೋಹಾನನ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಯಾರದು, ಇವನದೋ ತಂದೆತಾಯಿಯದೋ ಎಂದು ಕೇಳುತ್ತಾರೆ. ಇಬ್ಬರದೂ ಅಲ್ಲ ಎಂಬುದು ಉತ್ತರ. ಲೂಕನ 13ನೇ ಅಧ್ಯಾಯದಲ್ಲಿ ಪಿಲಾತ ಕೊಲ್ಲಿಸಿದ ಗಲಿಲಾಯದವರ ಸುದ್ದಿ ಬರುತ್ತದೆ. ಯೇಸು ತಾನೇ ಇನ್ನೊಂದು ಸುದ್ದಿಯನ್ನು, ಸಿಲೋವಾಮಿನ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿಯನ್ನು ಎತ್ತಿ, ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂದು ತಿಳಿಯಬೇಡಿ ಎನ್ನುತ್ತಾನೆ. ಒಂದು ದಬ್ಬಾಳಿಕೆ, ಒಂದು ಅಪಘಾತ. ಎರಡರಲ್ಲೂ ಸತ್ತವರ ಮೇಲೆ ಹೊರಿಸುವ ಲೆಕ್ಕವನ್ನು ಅವನು ಹರಿದುಹಾಕಿದ. ಲಾಜರನ ಸಮಾಧಿಯ ಬಳಿ, ಇನ್ನೇನು ಅವನನ್ನು ಎಬ್ಬಿಸುವವನಿದ್ದರೂ, ಮೊದಲು ಅತ್ತ.

ಸಾವಿನ ಮನೆಗಳಲ್ಲಿ ಬಳಕೆಯಾಗುವ ಕೆಲವು ವಚನಗಳನ್ನು ಅವುಗಳ ಜಾಗದಲ್ಲಿಟ್ಟು ಓದುವುದು ಅಗತ್ಯ. ದೇವರು ನಿಮ್ಮ ಬಗ್ಗೆ ಒಳ್ಳೆಯ ಯೋಜನೆ ಇಟ್ಟುಕೊಂಡಿದ್ದಾನೆ ಎಂದು ಕ್ಯಾಲೆಂಡರುಗಳ ಮೇಲೆ ಅಚ್ಚಾಗುವ ಯೆರೆಮೀಯ 29ರ ವಚನ, ಬಾಬಿಲೋನಿಗೆ ಸೆರೆ ಹೋದವರಿಗೆ ಬರೆದ ಪತ್ರದ ಭಾಗ. ಅದರ ಹಿಂದಿನ ವಚನ ಎಪ್ಪತ್ತು ವರ್ಷ ಕಾಯಬೇಕೆನ್ನುತ್ತದೆ. ಪತ್ರ ಕೇಳಿದವರಲ್ಲಿ ಅನೇಕರು ಸೆರೆಯಲ್ಲೇ ತೀರಿಕೊಳ್ಳುವವರು. ತಾಳಲಾರದಷ್ಟು ಭಾರವನ್ನು ದೇವರು ಯಾರಿಗೂ ಕೊಡುವುದಿಲ್ಲ ಎಂಬ ಮಾತಿಗೆ ಆಧಾರವಾಗಿ 1 ಕೊರಿಂಥ 10ನ್ನು ತೋರಿಸುತ್ತಾರೆ. ಅಲ್ಲಿ ಪೌಲ ಮಾತಾಡುತ್ತಿರುವುದು ವಿಗ್ರಹಾರಾಧನೆಯಂಥ ಶೋಧನೆಗಳ ಬಗ್ಗೆ. ಅದೇ ಪೌಲ 2 ಕೊರಿಂಥದ ಮೊದಲ ಅಧ್ಯಾಯದಲ್ಲಿ, ಆಸ್ಯ ಸೀಮೆಯಲ್ಲಿ ತನಗೆ ಬಂದ ಸಂಕಟ ಶಕ್ತಿಗೆ ಮೀರಿದ್ದಾಗಿತ್ತು, ಬದುಕುವ ನಿರೀಕ್ಷೆಯೇ ಇರಲಿಲ್ಲ ಎಂದು ಒಪ್ಪಿಕೊಂಡಿದ್ದಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯದಲ್ಲಿ ಎಲ್ಲವೂ ಹಿತಕ್ಕಾಗಿ ಎಂಬ ಭರವಸೆ ಇದೆ, ನಿಜ. ಅದಕ್ಕೂ ಮುಂಚೆ ಇಡೀ ಸೃಷ್ಟಿ ಹೆರಿಗೆಯ ನೋವಿನಲ್ಲಿ ನರಳುತ್ತಿದೆ ಎಂದು ಅದೇ ಅಧ್ಯಾಯ ಹೇಳುತ್ತದೆ. ನರಳುವವರ ಮುಂದೆ ಅಧ್ಯಾಯವನ್ನು ನಡುವಿನಿಂದ ಶುರುಮಾಡಬಾರದು.

ಸಂಕಟದ ಬಗ್ಗೆ ತರ್ಕಬದ್ಧವಾಗಿ ಯೋಚಿಸುವುದು ವ್ಯರ್ಥ ಎಂದು ಇದರ ಅರ್ಥವಲ್ಲ. ಅದಕ್ಕೆ ಬೇರೆ ಹೊತ್ತು ಬೇಕು. ಸಿ. ಎಸ್. ಲೂಯಿಸ್ 1940ರಲ್ಲಿ ‘ದ ಪ್ರಾಬ್ಲಮ್ ಆಫ್ ಪೇನ್’ ಎಂಬ ಪುಸ್ತಕದಲ್ಲಿ ನೋವಿನ ಸಮಸ್ಯೆಯನ್ನು ಬುದ್ಧಿಯ ಮಟ್ಟದಲ್ಲಿ ಬಿಡಿಸಿದರು. 1960ರಲ್ಲಿ ಹೆಂಡತಿ ಜಾಯ್ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಅವರು ಬರೆದ ‘ಎ ಗ್ರೀಫ್ ಅಬ್ಸರ್ವ್ಡ್’ 1961ರಲ್ಲಿ ಎನ್. ಡಬ್ಲ್ಯೂ. ಕ್ಲರ್ಕ್ ಎಂಬ ಗುಪ್ತನಾಮದಲ್ಲಿ ಪ್ರಕಟವಾಯಿತು. ಮುಚ್ಚಿದ ಬಾಗಿಲು ಬಡಿದು ದಣಿದವನ ಬರಹ ಅದು. ಎರಡನ್ನೂ ಬರೆದವರು ಒಬ್ಬರೇ, ಎರಡರಲ್ಲೂ ನಂಬಿಕೆ ಇದೆ. ಕಾಲೇಜು ಓದುವ ಯುವಜನರ ಕೂಟಕ್ಕೆ ಮೊದಲನೆಯದು ಒದಗುತ್ತದೆ. ಸಾವಾದ ಮನೆಗೆ ಹೋಗುವವರು ಓದಿಕೊಂಡು ಹೋಗಬೇಕಾದದ್ದು ಎರಡನೆಯದನ್ನು.

ಮನೆ ಭೇಟಿಯಲ್ಲಿ ಕೆಲಸಕ್ಕೆ ಬಂದವು ಬಹಳ ಸಾದಾ ಸಂಗತಿಗಳು. ಮೊದಲ ದಿನ ಪ್ರಸಂಗ ಬೇಡ. ಒಂದು ಕೀರ್ತನೆ, ಒಂದು ಚಿಕ್ಕ ಪ್ರಾರ್ಥನೆ, ಉಳಿದ ಹೊತ್ತು ಸುಮ್ಮನೆ ಜೊತೆಗಿರುವುದು. ಸತ್ತವರ ಹೆಸರು ಹಿಡಿದು ಮಾತಾಡಬೇಕು. ಹೆಸರು ಎತ್ತಿದರೆ ಅಳುತ್ತಾರೆಂದು ಹೆದರಬಾರದು, ಅಳಲಿ. ಏಕೆ ಎಂದು ಅವರು ಕೇಳಿದಾಗ ಉತ್ತರ ಹುಡುಕುವ ಅವಸರ ಬೇಡ. ಆ ಪ್ರಶ್ನೆ ಹೆಚ್ಚಿನ ವೇಳೆ ದೇವರಿಗೆ ಹೋಗುತ್ತಿರುತ್ತದೆ, ಬಂದವರಿಗಲ್ಲ. ಮಣ್ಣು ಮಾಡಿದ ವಾರದಲ್ಲಿ ಮನೆ ತುಂಬ ಜನ, ಮೂರನೆಯ ತಿಂಗಳಿಗೆ ಯಾರೂ ಇಲ್ಲ. ಭೇಟಿ ನಿಜವಾಗಿ ಬೇಕಾಗುವುದು ಆಗ. ಯೋಬನ ಕೊನೆಯ ಅಧ್ಯಾಯದಲ್ಲಿ ಬಂಧುಗಳೂ ಪರಿಚಿತರೂ ಬಂದು ಅವನ ಮನೆಯಲ್ಲಿ ಅವನೊಡನೆ ಊಟ ಮಾಡಿದರು, ದುಃಖ ಹಂಚಿಕೊಂಡರು, ಒಬ್ಬೊಬ್ಬರೂ ಒಂದೊಂದು ನಾಣ್ಯ, ಒಂದೊಂದು ಚಿನ್ನದ ಉಂಗುರ ಕೊಟ್ಟರು ಎಂದಿದೆ. ಸಂಪಾದಿಸುವವರನ್ನು ಕಳೆದುಕೊಂಡ ಮನೆಗೆ ಮಕ್ಕಳ ಶಾಲೆಯ ಫೀ, ಆಸ್ಪತ್ರೆಯ ಬಾಕಿ, ಮರಣ ಪ್ರಮಾಣಪತ್ರಕ್ಕೆ ಕಚೇರಿಗೆ ಅಲೆದಾಟ ಇವೆಲ್ಲ ಉಳಿದಿರುತ್ತವೆ. ಇವಕ್ಕೆ ಹೆಗಲು ಕೊಟ್ಟವರ ಪ್ರಾರ್ಥನೆಯನ್ನು ಆ ಮನೆಯವರು ಮನಸ್ಸಿಟ್ಟು ಕೇಳುತ್ತಾರೆ.

ಸಭಾಪಾಲಕರಲ್ಲಿ, ಹಿರಿಯರಲ್ಲಿ, ಕೂಟ ನಡೆಸುವವರಲ್ಲಿ ಒಂದು ಕೋರಿಕೆ. ವರ್ಷದಲ್ಲಿ ಒಮ್ಮೆಯಾದರೂ ಯೋಬನ ಗ್ರಂಥವನ್ನು ಮೂರನೆಯ ಅಧ್ಯಾಯದಿಂದ ಮುಂದಕ್ಕೆ, ಸ್ನೇಹಿತರ ಮಾತನ್ನೂ ಯೋಬನ ಮಾತನ್ನೂ ಬಿಡದೆ, ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಓದಿದ ಮೇಲೆ ನೊಂದವರಿಗೆ ಮಾತಾಡಲು ಸಮಯ ಕೊಡಿ, ನಡುವೆ ತಿದ್ದಬೇಡಿ.